ಹನ್ನೆರಡನೆಯ ಮಾತು

ನನ್ನ ಹೆಂಡತಿ ಸರ್ವಮಂಗಳ ಮಕ್ಕಳಿಗೆ ಕಥೆ ಬರೆಯುತ್ತಾಳೆ, ನಾನು ಸೈಕಲ್ ರಿಪೇರಿ ಮಾಡುತ್ತೇನೆ. ಇಬ್ಬರಲ್ಲಿ ಬಾಯಿ ಜಾಸ್ತಿ ಯಾರಿಗೆ ಎಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಸೈಕಲ್ ಶಾಪಿನ ಕಡೆಗೇ ಕೈ ತೋರಿಸುತ್ತಾರೆ. ಅದು ಸುಳ್ಳೇನಲ್ಲ. ಈ ಹಾಲಪ್ಪನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ನಮ್ಮವ್ವನೇ ಹೇಳಿಹೋಗಿದ್ದಾಳೆ. ಆದದ್ದೆಲ್ಲ ಆದದ್ದು ನನ್ನಿಂದಲೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಬಂದು ಹೇಳುವ ಕಷ್ಟ ಬೇಡ.

ನಮ್ಮೂರಲ್ಲಿ ಹೊಸ ಮಾತು ಕಟ್ಟಿದವರ ಬಳಿ ಆ ಮಾತು ಬಹಳ ದಿನ ಉಳಿಯುವುದಿಲ್ಲ. ಅದು ಯಾರದೆಂದು ಗೊತ್ತಿಲ್ಲದ ಒಬ್ಬರು ಎಲ್ಲೋ ಅದನ್ನು ಆಡುತ್ತಾರೆ, ಅವತ್ತು ಕಟ್ಟಿದವರ ನಾಲಗೆಯಿಂದ ಅದು ಹೊರಟುಹೋಗುತ್ತದೆ. ನೆನಪಿರುತ್ತದೆ, ಬೇಕಾದರೆ ಬರೆಯಬಹುದು, ಆಡಲು ಹೋದರೆ ಮಾತ್ರ ಬಾಯಿಂದ ಬರಿ ಗಾಳಿ ಬರುತ್ತದೆ. ಬೇಕರಿಯ ಸಾದಿಕ್ ಸಾಹೇಬರು ಬನ್ನಿನ ತಟ್ಟೆಯ ಅಂಚಿಗೆ ಸೀದು ಅಂಟಿಕೊಂಡ ಚೂರಿಗೆ ‘ಕರ್ಪಟಿ’ ಎಂದು ಹೆಸರಿಟ್ಟಿದ್ದರು. ಈಗ ಗಿರಾಕಿಗಳು ಕರ್ಪಟಿ ಕೊಡಿ ಎಂದು ಕೇಳುತ್ತಾರೆ, ಸಾಹೇಬರು ಬೆರಳು ತೋರಿಸಿ ‘ಇದಾ?’ ಎನ್ನುತ್ತಾರೆ. ಯಾರದಾದರೂ ಮಾತು ಹೋಯಿತೆಂದು ತಿಳಿದರೆ ನೆರೆಹೊರೆಯವರು ಎರಡೆರಡು ಬಾಳೆಹಣ್ಣು ಹಿಡಿದು ಬಂದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಮಳೆಬೆಳೆಯ ವಿಷಯ ಮಾತಾಡಿ ಹೋಗುತ್ತಾರೆ. ಹೋದ ಮಾತಿನ ಸುದ್ದಿ ಯಾರೂ ಎತ್ತುವುದಿಲ್ಲ.

ಮಂಗಳ ಮದುವೆಯಾಗಿ ಬಂದ ವರ್ಷವೇ ವಾಚನಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕಥೆ ಓದಲು ಶುರುಮಾಡಿದಳು. ಅವಳ ಕಥೆಯ ಪ್ರಾಣಿಗಳಿಗೆ ಇರುವ ಮಾತು ಸಾಲುತ್ತಿರಲಿಲ್ಲ. ಮುನಿಸಿಕೊಂಡೂ ಹೊಟ್ಟೆ ತುಂಬ ಉಣ್ಣುವ ಕರಡಿಯನ್ನು ‘ಬುಸುಂಡಿ’ ಎಂದಳು. ಒಳಕೋಣೆಗೆ ಹೋಗಿ, ಯಾಕೆ ಬಂದೆನೆಂದು ಮರೆತು ನಿಂತ ಆಮೆ ‘ಟಿಪ್ಪಳಿಸಿತು’ ಎಂದು ಬರೆದಳು. ಮಕ್ಕಳು ಆ ಮಾತುಗಳನ್ನು ಮನೆಗೆ ತಂದರು, ಮನೆಯಿಂದ ಅವು ಸಂತೆಗೆ ಹೋದವು. ಆರು ತಿಂಗಳಲ್ಲಿ ಕಂದಾಯ ಕಚೇರಿಯ ಗುಮಾಸ್ತರು ‘ಸ್ವಲ್ಪ ಟಿಪ್ಪಳಿಸಿಬಿಟ್ಟೆ ಸ್ವಾಮಿ, ಯಾವ ಫೈಲು ಅಂದ್ರಿ?’ ಎನ್ನತೊಡಗಿದರು. ಹೆಂಡಂದಿರು ಗಂಡಂದಿರನ್ನು ಬುಸುಂಡಿ ಎಂದು ಕರೆದರು. ಹುಡುಕಿದರೆ ಮನೆಗೊಬ್ಬ ಬುಸುಂಡಿ ಇದ್ದೇ ಇದ್ದ, ನಮ್ಮ ಮನೆಯಲ್ಲೂ ಇದ್ದ.

ಹೀಗೆ ಹನ್ನೊಂದು ವರ್ಷದಲ್ಲಿ ಅವಳ ಹನ್ನೊಂದು ಮಾತು ಹೋದವು. ಹಳೆಯ ಕಥೆಯನ್ನು ಮತ್ತೆ ಓದಿ ಎಂದು ಮಕ್ಕಳು ಹಟ ಹಿಡಿದರೆ ಓದುತ್ತಿದ್ದಳು. ಆ ಮಾತು ಬರುವ ಕಡೆ ನಿಲ್ಲುತ್ತಿದ್ದಳು, ಮಕ್ಕಳೆಲ್ಲ ಒಟ್ಟಿಗೆ ‘ಟಿಪ್ಪಳಿಸಿತು’ ಎಂದು ಕೂಗುತ್ತಿದ್ದರು, ಅವಳು ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಮೊದಲ ಸಲ ಅದನ್ನು ನೋಡಿದ ದಿನ ಮನೆಗೆ ಬರುವಾಗ ‘ಬೇಜಾರಾಗಲ್ವಾ ನಿಂಗೆ?’ ಎಂದು ಕೇಳಿದೆ.

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ರಿ, ಹಂಗೇ ಇದು. ಹೋದ ಮನೇಲಿ ಚೆನ್ನಾಗಿದ್ರೆ ಸಾಕು’ ಎಂದಳು.

ಆದರೆ ಒಂದು ಮಾತನ್ನು ಮಾತ್ರ ಅವಳು ಯಾರಿಗೂ ಕೊಟ್ಟಿರಲಿಲ್ಲ. ನಮ್ಮ ಮಗಳು ಶಾಂಭವಿ ಹುಟ್ಟಿದ ದಿನ ಕಟ್ಟಿದ್ದು ಅದು. ದಾದಿ ಕೂಸನ್ನು ತೂಕ ಮಾಡಲು ಎತ್ತಿಕೊಂಡು ಹೋದಳು, ಬಾಗಿಲು ದಾಟಿದ್ದಾಳೋ ಇಲ್ಲವೋ, ಮಂಗಳ ತಲೆ ಎತ್ತಿ ‘ತುಳುಮಿ ಎಲ್ಲಿ?’ ಎಂದಳು. ಯಾರು ತುಳುಮಿ ಎಂದರೆ, ‘ಈಗ ತಾನೆ ನೋಡಿರ್ತೀವಿ, ಕಣ್ಮರೆಯಾದ ತಕ್ಷಣ ಇನ್ನೊಂದು ಸಲ ನೋಡ್ಬೇಕು ಅನ್ಸುತ್ತಲ್ಲ, ಅವಳು’ ಎಂದಳು. ಅಂದಿನಿಂದ ಮನೆಯೊಳಗೆ ಆ ಹುಡುಗಿ ತುಳುಮಿ. ಹೊರಗಿನವರು ಜಗಲಿ ಹತ್ತಿದರೆ ಶಾಂಭವಿ. ಬೆಳಿಗ್ಗೆ ಸ್ಕೂಲಿಗೆ ಹೊರಟವಳು ಹುಣಸೆಮರದ ತಿರುವಿಗೆ ಹೋದ ಮೇಲೆ ಮಂಗಳ ಹಿಂದೆಯೇ ಓಡಿಹೋಗಿ, ಅಕ್ಕಪಕ್ಕ ನೋಡಿ, ಸಣ್ಣ ದನಿಯಲ್ಲಿ ಒಂದು ಸಲ ಕರೆಯುತ್ತಿದ್ದಳು. ಹುಡುಗಿ ತಿರುಗಿ ನೋಡಿ ಹಲ್ಲು ಕಿರಿದು ಹೋಗುತ್ತಿದ್ದಳು. ಹತ್ತು ವರ್ಷದಲ್ಲಿ ಅದನ್ನು ಒಂದು ಕಥೆಯಲ್ಲೂ ಅವಳು ಬರೆಯಲಿಲ್ಲ. ‘ಹನ್ನೊಂದು ಹೋದ್ರೂ ಹೋಗ್ಲಿ, ಇದೊಂದು ನನ್ನ ಬಾಯಲ್ಲೇ ಇರ್ಬೇಕು ಕಣ್ರಿ’ ಎಂದು ನನ್ನ ಕೈ ಹಿಡಿದು ಹೇಳಿದ್ದಳು. ನಾನು ದೊಡ್ಡದಾಗಿ ಭಾಷೆಯನ್ನೂ ಕೊಟ್ಟಿದ್ದೆ.

ಹೋದ ವರ್ಷ ಕಾರ್ತಿಕದಲ್ಲಿ ಅವಳಿಗೆ ಜ್ವರ ಬಂತು. ಶನಿವಾರ ಎದ್ದು ಕೂರಲೂ ಆಗಲಿಲ್ಲ. ಹೊಸ ಕಥೆ ಬರೆದಿಟ್ಟಿದ್ದಳು, ಮಕ್ಕಳು ಬಂದು ಕಾಯುತ್ತಾರೆ. ನಾನು ಓದಿ ಬರುತ್ತೇನೆ ಎಂದೆ. ‘ಬರೆದಷ್ಟೇ ಓದ್ರಿ’ ಎಂದಳು. ನಾನೇನು ಚಿಕ್ಕಮಗುವೇ ಎಂದು ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಹೋದೆ.

ಕಥೆ ಒಂದು ಮುಳ್ಳುಹಂದಿಯದು. ತಾಯಿ ಮುಳ್ಳುಹಂದಿ ಜೋಳದ ಹೊಲದಲ್ಲಿ ಮರಿಯನ್ನು ಕಳೆದುಕೊಳ್ಳುತ್ತದೆ, ರಾತ್ರಿಯೆಲ್ಲ ಹುಡುಕುತ್ತದೆ. ನಾನು ಓದುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮೂವತ್ತು ಮಕ್ಕಳು ಹಾಗೆ ಕೂತು ಕೇಳಿದರೆ ಸೈಕಲ್ ಶಾಪಿನವನಿಗೆ ತಲೆ ತಿರುಗದೆ ಇರುತ್ತದೆಯೇ. ದನಿ ಏರಿಸಿದೆ, ಇಳಿಸಿದೆ, ಮುಳ್ಳುಹಂದಿಯ ಹಾಗೆ ಮೂಗು ಅಲ್ಲಾಡಿಸಿದೆ. ಕೊನೆಯಲ್ಲಿ ‘ಬೆಳಗಾಗುವ ಹೊತ್ತಿಗೆ ತಾಯಿ ಹೊಲದ ಬದುವಿನ ಮೇಲೆ ನಿಂತು, ತನಗೆ ಮಾತ್ರ ಗೊತ್ತಿದ್ದ ಹೆಸರು ಹಿಡಿದು ಕರೆಯಿತು, ಮರಿ ಓಡಿ ಬಂತು’ ಎಂದು ಬರೆದಿದ್ದಳು. ಓದಿ ಮುಗಿಸಿದೆ.

‘ಏನಂತ ಕರೀತು?’ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

ಬರೆದಿಲ್ಲ ಕಣಮ್ಮ ಎಂದೆ. ಏನಂತ ಕರೀತು, ಏನಂತ ಕರೀತು ಎಂದು ಎಲ್ಲರೂ ಶುರುಮಾಡಿದರು. ಒಬ್ಬ ಹುಡುಗ ‘ಅಂಕಲ್‌ಗೆ ಗೊತ್ತಿಲ್ಲ ಬಿಡ್ರೋ’ ಎಂದ. ನನಗೆ ಗೊತ್ತಿಲ್ಲ ಅಂದರೆ ಸಹಿಸುವ ಜಾಯಮಾನವಲ್ಲ ನನ್ನದು. ‘ತುಳುಮಿ ಅಂತ ಕರೀತು’ ಎಂದುಬಿಟ್ಟೆ. ಮಕ್ಕಳೆಲ್ಲ ಆಹಾ ಎಂದರು. ಅಲ್ಲಿಂದ ಮೆಟ್ಟಿಲಿಳಿಯುವಾಗ ಮಂಗಳಳಿಗೆ ಕೊಟ್ಟ ಭಾಷೆ ನೆನಪಾಯಿತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅರ್ಧ ಮಕ್ಕಳು ಮರೆಯುತ್ತಿದ್ದರೋ ಏನೋ. ನಾನು ಸುಮ್ಮನಿರುವ ಪೈಕಿಯೇ? ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿದೆ. ಮೂವತ್ತು ಮಕ್ಕಳ ಮನೆಗೂ ಹೋದೆ. ‘ನಿಮ್ಮ ಹುಡುಗನಿಗೆ ಹೇಳ್ರಿ, ಆ ಮಾತು ಎಲ್ಲೂ ಆಡ್ಬಾರ್ದು’ ಎಂದೆ. ಯಾವ ಮಾತು ಎಂದು ಕೇಳಿದರು. ತುಳುಮಿ ಎಂದು ಹೇಳಲೇಬೇಕಾಯಿತು. ಹಾಗಂದರೇನು ಎಂದರು. ಅದನ್ನೂ ಬಿಡಿಸಿ ಹೇಳಿದೆ. ಇದು ನನ್ನ ಹೆಂಡತಿಯದು, ಅವಳ ಬಾಯಿಂದ ಹೋಗಬಾರದು ಎಂದು ಕೈ ಮುಗಿದೆ. ಪಾಪ, ಎಲ್ಲರೂ ಒಪ್ಪಿದರು. ಆದರೆ ನಾನು ಮಾತು ಮುಗಿಸುವಷ್ಟರಲ್ಲಿ ಒಬ್ಬಾಕೆ ಅಂಗಳದಲ್ಲಿ ಆಡುತ್ತಿದ್ದ ತನ್ನ ಮಗುವನ್ನು ತಿರುಗಿ ನೋಡುತ್ತಿದ್ದಳು. ಇನ್ನೊಬ್ಬರು ಹೊರಗೆ ಹೊರಟಿದ್ದ ಗಂಡನ ಬೆನ್ನು ನೋಡುತ್ತಿದ್ದರು. ಅದನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ. ದಾರಿಯಲ್ಲಿ ಎದುರಾದ ಹತ್ತು ಮಂದಿಗೂ, ಎಚ್ಚರಿಕೆಗೆಂದು, ಅದನ್ನೇ ಹೇಳಿದೆ. ಸಾಯಂಕಾಲ ಮನೆಗೆ ಬರುವಾಗ ಊರಿಗೆ ಬೇಲಿ ಹಾಕಿ ಬಂದವನ ಹಾಗೆ ಬೀಗುತ್ತಿದ್ದೆ.

ಹನ್ನೆರಡನೆಯ ದಿನ ಬಸ್ ಸ್ಟ್ಯಾಂಡಿನ ಎದುರು ಕೆಟ್ಟು ನಿಂತಿದ್ದ ಒಂದು ಸೈಕಲ್ಲಿನ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದೆ. ಹೊರ ಊರಿನ ಬಸ್ಸೊಂದು ಹೊರಡುವುದರಲ್ಲಿತ್ತು. ಕಂಡಕ್ಟರು ನಮ್ಮ ಕಡೆಯವನಲ್ಲ, ಮುಖವೇ ಹೊಸದು. ಬಾಗಿಲಲ್ಲಿ ಒಬ್ಬ ಹುಡುಗಿ ಹತ್ತುವುದೋ ಬೇಡವೋ ಎಂದು ಅಜ್ಜಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ‘ಹತ್ತವ್ವ ತುಳುಮಿ, ಅಜ್ಜಿ ಇಲ್ಲೇ ಇರ್ತಾಳೆ, ಎಲ್ಲೂ ಹೋಗಲ್ಲ’ ಎಂದು ಅವನು ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ, ನನಗೆ ಸಿಟ್ಟು ಮಾಡಲೂ ಆಗಲಿಲ್ಲ. ಸೊಲ್ಯೂಷನ್ ಕೈಯಲ್ಲೇ ಒಣಗಿತು. ಟ್ಯೂಬು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಮಂಗಳ ಬಾಗಿಲಲ್ಲಿ ನಿಂತಿದ್ದಳು. ಮಗಳು ಎದುರು ಮನೆಯ ಕಟ್ಟೆಯ ಮೇಲೆ ಕೂತು ಹರಳಾಟ ಆಡುತ್ತಿದ್ದಳು. ಊಟಕ್ಕೆ ಕರೆಯಲು ಮಂಗಳ ಬಾಯಿ ತೆರೆದಳು. ಇನ್ನೊಂದು ಸಲ ತೆರೆದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಲ್ಲೇನೋ ಅಂಟಿದೆ ಎನ್ನುವ ಹಾಗೆ. ನನ್ನ ಮುಖ ನೋಡಿದಳು. ನಾನು ಹನ್ನೆರಡು ದಿನದಿಂದ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ಹೇಳುವಾಗ ಅತ್ತೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಟ್ಟೆ ಇಟ್ಟು ಬಡಿಸಿದಳು. ನಾನು ತಲೆ ತಗ್ಗಿಸಿ ಕೂತಿದ್ದವನು, ಏನು ಮಾಡಲಿ, ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಆಗ ಅವಳು ಏನನ್ನೋ ಹೇಳಲು ಹೋಗಿ ತಡೆದಳು. ನನ್ನನ್ನು ಬೈಯಲು ಸರಿಯಾದ ಮಾತು ಒಂದೇ ಇತ್ತು, ಅದು ಎಷ್ಟೋ ವರ್ಷದ ಹಿಂದೆಯೇ ಅವಳಿಂದ ಹೋಗಿತ್ತು. ನಾನೇ ‘ಬುಸುಂಡಿ’ ಎಂದು ನನ್ನನ್ನು ಬೈದುಕೊಂಡೆ. ಅವಳು ತಲೆಯಾಡಿಸಿ ಹೌದು ಎಂದಳು, ಸಾರು ಹಾಕಿದಳು.

ಸುದ್ದಿ ಹರಡಿ ಜನ ಬರತೊಡಗಿದರು. ನಾನು ಎಚ್ಚರಿಕೆ ಹೇಳಿದ್ದ ಅಷ್ಟೂ ಮನೆಯವರು ಬಂದರು. ಎರಡೆರಡರಂತೆ ಬಾಳೆಹಣ್ಣು ನಡುಮನೆಯಲ್ಲಿ ರಾಶಿ ಬಿತ್ತು. ಎಲ್ಲರೂ ಮಳೆಬೆಳೆಯ ವಿಷಯ ಮಾತಾಡಿದರು. ಶಾಂಭವಿ ಕಂಬಕ್ಕೆ ಒರಗಿ ನಿಂತು ಬಂದವರನ್ನೆಲ್ಲ ದುರುಗುಟ್ಟಿ ನೋಡಿದಳು. ಒಂದು ಹಣ್ಣನ್ನೂ ಮುಟ್ಟಲಿಲ್ಲ.

ಆಮೇಲಿನ ದಿನಗಳು ಬಹಳ ಕಷ್ಟವಾದವು. ಮಂಗಳ ಮಗಳನ್ನು ಶಾಂಭವಿ ಎಂದು ಕರೆದಳು. ಹುಡುಗಿ ತಿರುಗಲೇ ಇಲ್ಲ. ‘ಅದು ಸ್ಕೂಲಿನ ಹೆಸರು. ನಾನೇನು ಹಾಜರಿ ಹೇಳ್ಬೇಕಾ?’ ಎಂದಳು. ಚಿನ್ನ ಎಂದರೆ, ಪುಟ್ಟಿ ಎಂದರೆ, ಅವು ಬೇರೆ ಮನೆಯ ಮಕ್ಕಳ ಹೆಸರು ಎಂದಳು. ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಹುಣಸೆಮರದ ತಿರುವಿನಲ್ಲಿ ನಿಧಾನ ಮಾಡುತ್ತಿದ್ದಳು, ಹಿಂದಿನಿಂದ ಏನೂ ಕೇಳದಿದ್ದಾಗ ಬಿರಬಿರನೆ ಹೊರಟುಹೋಗುತ್ತಿದ್ದಳು. ಮಂಗಳ ಬೇಲಿಯ ಹತ್ತಿರ ನಿಂತೇ ಇರುತ್ತಿದ್ದಳು. ಒಂದು ದಿನ ತಡೆಯಲಾರದೆ ನಾನೇ ‘ತುಳುಮೀ’ ಎಂದು ಕೂಗಿದೆ. ಹುಡುಗಿ ತಿರುಗಿ ನೋಡಿ, ‘ನೀನಂದ್ರೆ ಅಂದಂಗಾಗಲ್ಲ ಅಪ್ಪ’ ಎಂದು ಅಲ್ಲಿಂದಲೇ ಹೇಳಿ ಹೋದಳು. ಬೀದಿಯಲ್ಲಿ ಹೋಗುತ್ತಿದ್ದ ಇನ್ನೂ ಇಬ್ಬರು ಹುಡುಗಿಯರು ತಿರುಗಿ ನೋಡಿದ್ದರು.

ಒಂದು ಸಂಜೆ ಶಾಂಭವಿ ಅಳುತ್ತ ಬಂದಳು. ತರಕಾರಿ ಹನುಮಕ್ಕ ತನ್ನ ಮೇಕೆಮರಿಯನ್ನು ತುಳುಮಿ ಎಂದು ಕರೆದಳಂತೆ. ‘ಮೇಕೆಗೂ ನಂಗೂ ಒಂದೇ ಹೆಸರಾ ಅಮ್ಮ?’ ಎಂದು ಮಂಗಳಳ ಸೆರಗು ಹಿಡಿದು ಕೇಳಿದಳು. ಮಂಗಳ ಅವಳ ತಲೆ ಸವರಿದಳು. ಸವರುವಾಗ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಹುಡುಗಿ ಕೈ ತಳ್ಳಿ ಒಳಗೆ ಹೋದಳು. ಆ ವಾರ ಮಂಗಳ ಕಥೆ ಬರೆಯಲಿಲ್ಲ, ಶನಿವಾರ ವಾಚನಾಲಯಕ್ಕೂ ಹೋಗಲಿಲ್ಲ. ‘ಮಾತು ಕಟ್ಟೋ ಚಪಲಕ್ಕೆ ಮಗಳನ್ನ ಕಳ್ಕೊಂಡೆ’ ಎಂದು ಒಲೆಯ ಮುಂದೆ ಕೂತು ಹೇಳಿದಳು. ನನ್ನ ತಪ್ಪನ್ನು ಅವಳು ತನ್ನ ಮೇಲೆ ಹಾಕಿಕೊಂಡಳು.

ಮರುದಿನ ಕೊಟ್ರಯ್ಯನ ಹೋಟೆಲಿಗೆ ಹೋದೆ. ಊರಿನ ಮಾತೆಲ್ಲ ಬೆಳಿಗ್ಗೆ ಅಲ್ಲಿಗೆ ಬಂದು ಟೀ ಕುಡಿದು ಮುಂದಕ್ಕೆ ಹೋಗುತ್ತದೆ. ಎಲ್ಲರೆದುರು ನಿಂತು, ‘ಒಂದು ಉಪಕಾರ ಮಾಡ್ರಿ. ಆ ಮಾತು ಆಡೋದು ಬಿಟ್ಬಿಡ್ರಿ. ಎಲ್ರೂ ಬಿಟ್ರೆ ಅವಳಿಗೆ ವಾಪಸ್ ಬಂದ್ರೂ ಬರಬಹುದು’ ಎಂದೆ. ಹಾಗೆ ಯಾವ ಮಾತೂ ಇದುವರೆಗೆ ವಾಪಸ್ ಬಂದದ್ದಿಲ್ಲ, ಆದರೂ ಕೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ಲೋಟ ನೋಡುತ್ತ ಕೂತರು. ಕೊಟ್ರಯ್ಯ ಗಲ್ಲಾದಿಂದ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು ಹೊರಗೆ ಕರೆದುಕೊಂಡು ಹೋದ.

‘ಹಾಲಪ್ಪಣ್ಣ, ನಮ್ಮವ್ವನ ವಿಷಯ ನಿಂಗೆ ಗೊತ್ತಲ್ಲ’ ಎಂದ. ಗೊತ್ತಿತ್ತು. ಮುದುಕಿ ಕಲ್ಲಿನಂಥವಳು. ಗಂಡ ಸತ್ತಾಗಲೂ ಕಣ್ಣೀರು ಹಾಕಲಿಲ್ಲ, ಮಗನನ್ನು ಐವತ್ತು ವರ್ಷ ‘ಏ ಇವ್ನೆ’ ಎಂದೇ ಕರೆದವಳು. ‘ಹೋದ ಸೋಮವಾರ ಸಾಮಾನು ತರಕ್ಕೆ ಹೊರಟಿದ್ದೆ. ಬಾಗ್ಲು ದಾಟಿದೀನಿ, ಒಳಗಿಂದ ತುಳುಮೀ ಅಂದ್ಲು. ಯಾರನ್ನ ಕರೀತಿದಾಳೆ ಅಂತ ತಿರುಗಿ ನೋಡ್ತೀನಿ, ನನ್ನೇ ನೋಡ್ತಿದಾಳೆ. ಏನವ್ವಾ ಅಂದೆ. ಏನಿಲ್ಲ, ಹೋಗು ಅಂದ್ಲು.’ ಅವನು ಹೆಗಲ ಟವೆಲಿನಿಂದ ಮೂಗು ಒರೆಸಿಕೊಂಡ. ‘ಅವಳಿಗೆ ಯಾವತ್ತೂ ಹಂಗನ್ನಿಸ್ತಿತ್ತೇನೋ, ಹೇಳಕ್ಕೆ ಮಾತು ಸಿಕ್ಕಿರ್ಲಿಲ್ಲ. ಈಗ ಸಿಕ್ಕೈತೆ. ಅದನ್ನ ಬಿಡವ್ವ ಅಂತ ನಾನು ಹೆಂಗೆ ಹೇಳ್ಲಿ? ನೀನು ಹೇಳು ಅಂದ್ರೆ ಹೇಳ್ತೀನಿ.’

ಬೇಡ ಬಿಡೋ ಎಂದು ಬಂದೆ.

ಮನೆಗೆ ಬಂದು ಮಂಗಳಳಿಗೆ ಇದನ್ನು ಹೇಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೆ. ಚಪ್ಪಲಿ ಬಿಡುವಷ್ಟರಲ್ಲಿ ಹೇಳಿ ಮುಗಿಸಿದ್ದೆ. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ‘ಆ ಅಜ್ಜಿ ಬಾಯಲ್ಲಿ ಕೇಳ್ಬೇಕಿತ್ತು ನಾನು’ ಎಂದಳು. ಮತ್ತೆ ರೊಟ್ಟಿ ತಟ್ಟುತ್ತ, ‘ಇರ್ಲಿ ಬಿಡ್ರಿ, ಅದು ಊರಿಗೇ ಇರ್ಲಿ. ಚೆನ್ನಾಗಿದೆ ಅಂತ ಕೇಳಿದ್ಮೇಲೆ ವಾಪಸ್ ಕರ್ಕೊಂಡ್ ಬರಕ್ಕಾಗುತ್ತಾ? ಆದ್ರೆ ನನ್ನ ಮಗಳನ್ನ ನಾನು ಏನಂತ ಕರೀಲಿ, ಅದೊಂದು ಹೇಳ್ರಿ’ ಎಂದಳು.

ಇನ್ನೊಂದು ಕಟ್ಟು ಎಂದೆ. ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. ಹಗಲೂ ರಾತ್ರಿ ಪ್ರಯತ್ನಪಟ್ಟಿದ್ದಾಳೆ, ಬರುತ್ತಿಲ್ಲ. ಬಂದರೂ, ಯಾವತ್ತು ಹೋಗುತ್ತದೋ ಎಂಬ ಭಯದಲ್ಲಿ ಕರೆದರೆ ಅದು ಕರೆದ ಹಾಗಲ್ಲ ಎಂದಳು. ಇಷ್ಟು ಹೊತ್ತೂ ಶಾಂಭವಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು ಎಂದು ನಮಗೆ ಗೊತ್ತಿರಲಿಲ್ಲ.

ಅದಾಗಿ ಎರಡು ದಿನ ಆ ಹುಡುಗಿ ಏನನ್ನೋ ಗುನುಗುತ್ತ ಓಡಾಡಿದಳು. ನಾನು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿದ್ದಳು. ಭಾನುವಾರ ಬೆಳಿಗ್ಗೆ ಮಂಗಳ ನಡುಮನೆಯಲ್ಲಿ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ನನ್ನ ಶಾಪು. ಒಬ್ಬರು ಯಜಮಾನರು ಹೊಸ ಬೆಲ್ ಹಾಕಿಸಲು ಸೈಕಲ್ ತಂದಿದ್ದರು. ನಾನು ಸ್ಕ್ರೂ ತಿರುಗಿಸುತ್ತ ಕೂತಿದ್ದೆ. ನಡುವೆ ಒಂದು ಪರದೆ ಅಷ್ಟೆ.

‘ಅಮ್ಮ, ನೀನು ಕಟ್ಟೋದು ಬೇಡ, ನಾನೇ ಕಟ್ಟಿದೀನಿ’ ಎಂದು ಒಳಗಿನಿಂದ ಕೇಳಿಸಿತು.

‘ಏನು?’

‘ನಿಂಗೊಂದು ಹೆಸರು. ನಾನು ನಿನ್ನ ಅದ್ರಲ್ಲಿ ಕರೀತೀನಿ, ನೀನು ನನ್ನ ಅದ್ರಲ್ಲೇ ಕರಿ. ಇಬ್ರಿಗೂ ಒಂದೇ. ಹೋದ್ರೆ ನನ್ನ ಬಾಯಿಂದ ಹೋಗುತ್ತೆ, ನಿನ್ನ ಬಾಯಿಂದ ಹೋಗಲ್ಲ. ನೀನು ಕರೀಬಹುದು ಯಾವಾಗ್ಲೂ.’

ಬಾಚಣಿಗೆ ನೆಲಕ್ಕೆ ಬಿದ್ದ ಸದ್ದಾಯಿತು. ಮಂಗಳ ಬಹಳ ಸಣ್ಣ ದನಿಯಲ್ಲಿ, ‘ಏನು ಹೇಳು’ ಎಂದಳು.

‘ಕಿವಿ ಕೊಡು. ಅಪ್ಪ ಅಲ್ಲೇ ಇದಾನೆ. ಅವ್ನಿಗೆ ಕೇಳ್ಸಿದ್ರೆ ಊರಿಗೆಲ್ಲ ಡಂಗುರ ಹೊಡೀತಾನೆ.’

ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ಪರದೆಯ ಆಚೆ ಅವರಿಬ್ಬರ ತಲೆ ಹತ್ತಿರವಾದ ನೆರಳು ಕಂಡಿತು. ನನ್ನ ಕಿವಿ ನನಗೇ ಗೊತ್ತು, ಪಿಸುಮಾತಾದರೂ ಬಿಡುವುದಿಲ್ಲ. ಒಂದು ಅಕ್ಷರ ಒಳಗೆ ಬಂದರೆ ಸಂಜೆಯೊಳಗೆ ಅದು ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಎದ್ದು ಹೋಗಲು ಹೊತ್ತಿರಲಿಲ್ಲ. ಕೈಯಲ್ಲಿದ್ದ ಬೆಲ್ಲನ್ನು ಬಾರಿಸತೊಡಗಿದೆ. ನಿಲ್ಲಿಸದೆ, ಉಸಿರು ಬಿಡದೆ, ಹೆಬ್ಬೆರಳು ನೋಯುವ ತನಕ ಬಾರಿಸಿದೆ. ಬೀದಿಯ ನಾಯಿಗಳು ಎದ್ದು ಕೂತವು. ಒಳಗೆ ಮಂಗಳ ಒಂದು ಸಲ ನಕ್ಕಳೋ, ಅತ್ತಳೋ, ಭುಜದ ನೆರಳು ಅಲ್ಲಾಡಿದ್ದು ಮಾತ್ರ ಕಂಡಿತು. ಆಮೇಲೆ ಅವಳು ಮಗಳ ಕಿವಿಯ ಹತ್ತಿರ ಬಾಯಿ ಒಯ್ದಳು, ನಾನು ಇನ್ನೂ ಜೋರಾಗಿ ಬಾರಿಸಿದೆ.

‘ಸರಿಯಾಗೈತಲ್ಲಪ್ಪ ಬೆಲ್ಲು, ಯಾಕೆ ಹಂಗೆ ಬಾರಿಸ್ತಿದೀಯ?’ ಎಂದರು ಯಜಮಾನರು.

‘ಇನ್ನೂ ಸ್ವಲ್ಪ ಹೊತ್ತು ಬಾರಿಸ್ಬೇಕು ಯಜಮಾನ್ರೆ’ ಎಂದೆ.